ಕತ್ತಿನ ಕಪ್ಪು ಕೊಳೆಯಲ್ಲ: ಹಾರ್ಮೋನು ಏರುಪೇರನ್ನು ಗುರುತಿಸೋಣ

ಮಗಳ ಕತ್ತಿನ ಹಿಂಭಾಗ ಕಪ್ಪಾಗಿದೆ ಎಂದು ಕಡಲೆಹಿಟ್ಟು, ಲಿಂಬೆರಸ ಹಚ್ಚಿ ತಿಕ್ಕುವ ತಾಯಂದಿರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. "ಸರಿಯಾಗಿ ಸ್ನಾನ ಮಾಡುವುದಿಲ್ಲ" ಎಂಬ ಬೈಗುಳವೂ ಜೊತೆಗಿರುತ್ತದೆ. ಎಷ್ಟು ತಿಕ್ಕಿದರೂ ಅದು ಹೋಗದು. ಕತ್ತು, ಕಂಕುಳು, ತೊಡೆಸಂದುಗಳಲ್ಲಿ ಚರ್ಮ ಕಪ್ಪಾಗಿ, ದಪ್ಪಗಾಗಿ, ಮಖಮಲ್ಲಿನಂತಾಗುವುದು ಹೆಚ್ಚಾಗಿ ರಕ್ತದಲ್ಲಿ ಇನ್ಸುಲಿನ್ ಮಿತಿಮೀರಿರುವುದರ ಗುರುತು. ಅದೇ ಹುಡುಗಿಗೆ ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುತ್ತಿದ್ದರೆ, ಗಲ್ಲದಲ್ಲಿ ಗಡುಸಾದ ಕೂದಲು ಬೆಳೆಯುತ್ತಿದ್ದರೆ, ಮೊಡವೆ ಮಾಯದಿದ್ದರೆ, ಎಲ್ಲವನ್ನೂ ಒಟ್ಟಿಗೆ ನೋಡಬೇಕು. ವೈದ್ಯರು ಪಿಸಿಓಎಸ್ ಎಂದು ಕರೆಯುವ ಸಮಸ್ಯೆ ಇದಾಗಿರಬಹುದು. ಹೆರುವ ವಯಸ್ಸಿನ ಹತ್ತು ಮಹಿಳೆಯರಲ್ಲಿ ಸುಮಾರು ಒಬ್ಬರಿಗೆ ಇದು ಇದೆ. ಹೆಚ್ಚಿನವರಿಗೆ ಅದರ ಅರಿವೇ ಇಲ್ಲ.

ರಕ್ತದಲ್ಲಿರುವ ಸಕ್ಕರೆಯನ್ನು ಜೀವಕೋಶಗಳ ಒಳಗೆ ಸೇರಿಸುವುದು ಇನ್ಸುಲಿನ್‌ನ ಕೆಲಸ. ಜೀವಕೋಶಗಳು ಅದರ ಮಾತು ಕೇಳದಾದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಸಕ್ಕರೆಯೇನೋ ಹತೋಟಿಯಲ್ಲಿರುತ್ತದೆ, ಆದರೆ ಹೆಚ್ಚಾದ ಇನ್ಸುಲಿನ್ ಅಂಡಾಶಯವನ್ನು ಕೆಣಕುತ್ತದೆ. ಅಂಡಾಶಯವು ಪುರುಷ ಹಾರ್ಮೋನನ್ನು ಅಗತ್ಯಕ್ಕಿಂತ ಹೆಚ್ಚು ತಯಾರಿಸುತ್ತದೆ. ಅಂಡಗಳು ಅರ್ಧ ಬೆಳೆದು ನಿಲ್ಲುತ್ತವೆ, ಮುಟ್ಟು ಮುಂದೆ ಹೋಗುತ್ತದೆ. ಸ್ಕ್ಯಾನಿಂಗ್‌ನಲ್ಲಿ "ನೀರುಗುಳ್ಳೆ" ಎಂದು ಕಾಣುವುದು ಇವೇ ಅರೆಬೆಳೆದ ಅಂಡಕೋಶಗಳು. ಹೆದರಿ ಶಸ್ತ್ರಚಿಕಿತ್ಸೆಗೆ ಓಡಬೇಕಾದ ಗಡ್ಡೆಗಳಲ್ಲ. ಚಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು 1935ರಲ್ಲೇ ಈ ಸಮಸ್ಯೆಯನ್ನು ವಿವರಿಸಿದ್ದರು. ಇನ್ಸುಲಿನ್‌ನೊಂದಿಗಿನ ಅದರ ನಂಟು ತಿಳಿದುಬಂದದ್ದು ಮಾತ್ರ 1980ರ ಹೊತ್ತಿಗೆ.

ಇಲ್ಲೇ ನಮ್ಮವರು ಎಡವುವುದು. ಭಾನುವಾರ ಬಲಿಪೂಜೆಯ ಬಳಿಕ ಚರ್ಚ್ ಸಭಾಂಗಣದ ಶಿಬಿರದಲ್ಲಿ ಬೆರಳು ಚುಚ್ಚಿ ನೋಡುತ್ತಾರೆ, ಸಕ್ಕರೆ 95 ಎಂದು ಬರುತ್ತದೆ, ಎಲ್ಲ ಸರಿಯಿದೆ ಎಂದು ಮನೆಗೆ ಹೋಗುತ್ತೇವೆ. ಆ ಯಂತ್ರ ಅಳೆದದ್ದು ಸಕ್ಕರೆಯನ್ನು. ಅದನ್ನು ಅಷ್ಟಕ್ಕೆ ಹಿಡಿದಿಡಲು ದೇಹ ಪಡುತ್ತಿರುವ ಪಾಡನ್ನಲ್ಲ. ಪಿಸಿಓಎಸ್ ಇರುವವರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಬಳಿಕ ನೋಡುವ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ. ಆಗ 140ರಿಂದ 199 ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಎಂದರ್ಥ. ಕಾಯುವ ಬೇಸರಕ್ಕೆ ಹಲವರು ಇದನ್ನು ತಪ್ಪಿಸುತ್ತಾರೆ. ರಕ್ತದ ಇನ್ಸುಲಿನ್ ಮಟ್ಟವನ್ನೇ ಅಳೆಯುವ ದುಬಾರಿ ಪರೀಕ್ಷೆ ಸಾಮಾನ್ಯವಾಗಿ ಬೇಕಿಲ್ಲ. ಹೊಲಿಗೆಯ ಟೇಪಿನಿಂದ ಸೊಂಟವನ್ನೂ ಅಳೆದುಕೊಳ್ಳಿ. 80 ಸೆಂಟಿಮೀಟರ್ ದಾಟಿದ್ದರೆ ಎಚ್ಚರ ಬೇಕು. ಹಾಗೆಂದು ಸಪೂರ ಇರುವವರಿಗೆ ಇದು ಬಾರದೆಂದಿಲ್ಲ. ಥೈರಾಯ್ಡ್ ಮತ್ತು ಪ್ರೊಲಾಕ್ಟಿನ್ ತೊಂದರೆಗಳಿಂದಲೂ ಮುಟ್ಟು ತಪ್ಪುವುದರಿಂದ ವೈದ್ಯರು ಅವನ್ನೂ ಪರೀಕ್ಷಿಸುತ್ತಾರೆ.

"ಮದುವೆಯಾದರೆ ಸರಿಹೋಗುತ್ತದೆ" ಎಂಬ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಸರಿಹೋಗುವುದಿಲ್ಲ. ಮಗುವಾಗುವುದು ತಡವಾದಾಗ ಮಾತು ಕೇಳಬೇಕಾದವಳು ಸೊಸೆ. ಚಿಕಿತ್ಸೆಯಿಂದ ಹೆಚ್ಚಿನವರು ತಾಯಂದಿರಾಗುತ್ತಾರೆ, ಆದರೆ ಗರ್ಭಿಣಿಯಾದಾಗ ಸಕ್ಕರೆ ಏರುವ ಸಂಭವ ಅವರಿಗೆ ಹೆಚ್ಚು. ಮೊದಲ ಮುಟ್ಟಿನ ನಂತರದ ಒಂದೆರಡು ವರ್ಷ ಏರುಪೇರು ಸಹಜ. ಆಮೇಲೂ ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಬಾರಿ ಮುಟ್ಟಾದರೆ ತೋರಿಸಲೇಬೇಕು. ತಿಂಗಳುಗಟ್ಟಲೆ ಮುಟ್ಟಾಗದೆ ಗರ್ಭಕೋಶದ ಒಳಪದರ ದಪ್ಪಗಾಗುತ್ತಾ ಹೋದರೆ ಮುಂದೆ ಅಲ್ಲಿ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ.

ಮುಟ್ಟನ್ನು ಕ್ರಮಕ್ಕೆ ತರಲು ವೈದ್ಯರು ಕೆಲವೊಮ್ಮೆ ಬರೆದುಕೊಡುವುದು ಗರ್ಭನಿರೋಧಕ ಮಾತ್ರೆಯನ್ನೇ. ನಮ್ಮ ಕೆಲವು ಸಹೋದರಿಯರು ಇದು ಪಾಪವೇನೋ ಎಂದು ಅಂಜಿ, ಯಾರಲ್ಲೂ ಕೇಳದೆ, ಮಾತ್ರೆಯನ್ನು ಕಪಾಟಿನಲ್ಲೇ ಇಟ್ಟುಬಿಡುತ್ತಾರೆ. ಪೋಪ್ ಆರನೇ ಪೌಲರು 1968ರಲ್ಲಿ ಹೊರಡಿಸಿದ 'ಹುಮಾನೆ ವೀಟೆ' ಪರಿಪತ್ರದ 15ನೇ ಪರಿಚ್ಛೇದ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಕಾಯಿಲೆ ಗುಣಪಡಿಸಲು ಅಗತ್ಯವಾದ ಚಿಕಿತ್ಸೆಯಿಂದ ಗರ್ಭಧಾರಣೆಗೆ ತಡೆಯಾಗುವುದು ಮೊದಲೇ ತಿಳಿದಿದ್ದರೂ, ಆ ತಡೆಯೇ ಉದ್ದೇಶವಲ್ಲದಿದ್ದರೆ, ಚಿಕಿತ್ಸೆ ತಪ್ಪಲ್ಲ. ಸಂಶಯವಿದ್ದರೆ ಧರ್ಮಗುರುಗಳಲ್ಲಿ ಕೇಳಿ. ಮಾತ್ರೆ ಹೊಂದದಿದ್ದರೆ ಬೇರೆ ದಾರಿಗಳಿವೆಯೇ ಎಂದು ವೈದ್ಯರಲ್ಲಿ ಕೇಳಿ. ಮೆಟ್‌ಫಾರ್ಮಿನ್ ಕೊಟ್ಟಾಗಲೂ ಹೀಗೆಯೇ: "ನನಗೆ ಸಕ್ಕರೆ ಕಾಯಿಲೆ ಇಲ್ಲವಲ್ಲ" ಎಂದು ನಿಲ್ಲಿಸಬೇಡಿ. ಇನ್ಸುಲಿನ್‌ನ ಮಾತನ್ನು ದೇಹ ಕೇಳುವಂತೆ ಮಾಡುವುದೇ ಅದರ ಉದ್ದೇಶ.

ತೂಕ ಹೆಚ್ಚಿರುವವರು ನೂರಕ್ಕೆ ಐದರಷ್ಟು ಇಳಿಸಿದರೂ ಹಲವರಿಗೆ ಮುಟ್ಟು ಮರಳಿ ಕ್ರಮಕ್ಕೆ ಬರುತ್ತದೆ. 70 ಕಿಲೋ ಇದ್ದರೆ ಮೂರೂವರೆ ಕಿಲೋ, ಅಷ್ಟೇ. ಕುಚ್ಚಿಲಕ್ಕಿ ಬಿಡಬೇಕಾಗಿಲ್ಲ, ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟರೆ ಸಾಕು. ಬಟ್ಟಲಲ್ಲಿ ಮೀನು, ಅಲಸಂಡೆ, ಬಸಳೆ ಹೆಚ್ಚಲಿ. ಬೇಕರಿ ತಿಂಡಿ, ತಂಪು ಪಾನೀಯ ಕಡಿಮೆಯಾಗಲಿ. ದಿನಕ್ಕೆ ಅರ್ಧ ಗಂಟೆ, ವಾರದಲ್ಲಿ ಐದು ದಿನ ಬಿರುಸಾಗಿ ನಡೆಯಿರಿ.

ಇಂದೇ ಮಾಡಬಹುದಾದ ಕೆಲಸವೊಂದಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮಗಳ ಮುಟ್ಟಿನ ದಿನಾಂಕವನ್ನು ಸಣ್ಣ ಚುಕ್ಕಿಯಿಂದ ಗುರುತಿಸತೊಡಗಿ. ಆರು ತಿಂಗಳ ಆ ಚುಕ್ಕಿಗಳನ್ನು ಹಿಡಿದುಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.