ಅವ್ವನ ದಮ್ಮಿಗೆ ಸೂಜಿಯೊಂದೇ ಮದ್ದಲ್ಲ: ತಜ್ಞರ ಮೊದಲ ಭೇಟಿಗೆ ಹೀಗೆ ತಯಾರಾಗಿ

ಹೋದ ವರ್ಷ ತೊಗರಿ ರಾಶಿ ಮಾಡುವಾಗ ನಮ್ಮವ್ವ ಮಷಿನ್ ಹತ್ತಿರದಿಂದ ನಾಲ್ಕು ಹೆಜ್ಜೆ ನಡೆದು ಬದುವಿನ ಮೇಲೆ ಕೂತುಬಿಟ್ಟಳು. “ದಮ್ಮು ಹತ್ಯದ, ತಡಿಯೋ ತಮ್ಮಾ” ಅಂದಳು. ಮೂರು ವರ್ಷದಿಂದ ಪ್ರತಿ ಚಳಿಗಾಲವೂ ಇದೇ ಕತೆ. ಊರಲ್ಲೇ ಒಂದು ಸೂಜಿ ಮಾಡಿಸಿ, ನಾಲ್ಕು ಗುಳಿಗೆ ಕೊಟ್ಟರೆ ಎರಡು ದಿನದಲ್ಲಿ ಆರಾಮ. ಹದಿನೈದು ದಿನಕ್ಕೆ ಮತ್ತೆ ಅದೇ. ಅದು ಯಾವ ಸೂಜಿ ಅಂತ ನಾನು ಒಮ್ಮೆಯೂ ಕೇಳಲಿಲ್ಲ.

ಈ ಸಲ ಶಹಾಪುರದ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆ. ಕೆಮ್ಮು ಎರಡು ವಾರ ದಾಟಿತ್ತು. ಹಾಗಾಗಿ ಮೊದಲು ಕಫ ಪರೀಕ್ಷೆ, ಎದೆಯ ಎಕ್ಸ್‌ರೇ ಆಯಿತು. ಕ್ಷಯ ಅಲ್ಲ ಅಂತ ಖಾತ್ರಿಯಾದ ಮೇಲೆ ಚೀಟಿ ಬರೆದು ಶ್ವಾಸಕೋಶ ತಜ್ಞರ ಹತ್ತಿರ ಕಳಿಸಿದರು.

“ಯವ್ವಾ, ಬೀಡಿ ಸೇದ್ತೀರೇನು?” ಡಾಕ್ಟರ್ ಕೇಳಿದರು. ಅವ್ವ ನಕ್ಕಳು.
“ಹಂಗಾದ್ರ ಒಲಿ ಮುಂದ ಎಷ್ಟು ವರ್ಷ ಕೂತೀರಿ?”

ಅವ್ವನ ನಗು ನಿಂತಿತು. ನಮ್ಮನೆಯಲ್ಲಿ ಗ್ಯಾಸ್ ಇದೆ. ಆದರೆ ರೊಟ್ಟಿ ಬೇಯೋದು, ನೀರು ಕಾಯೋದು ಇವತ್ತಿಗೂ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಮೇಲೆ. ಆ ಹೊಗೆ, ಮೇಲೆ ರಾಶಿಯ ಧೂಳು. ಬೀಡಿ ಮುಟ್ಟದವರಿಗೂ ಸಿಒಪಿಡಿ ಬರೋದು ಹೀಗೆ.

ಊದುವ ಪರೀಕ್ಷೆ

ಸ್ಪೈರೋಮೆಟ್ರಿಯಲ್ಲಿ ಸೂಜಿ ಇಲ್ಲ, ರಕ್ತ ತೆಗೆಯಲ್ಲ. ತುಂಬ ಉಸಿರೆಳೆದು ಕೊಳವೆಯೊಳಗೆ ಜೋರಾಗಿ, ಉಸಿರು ಖಾಲಿಯಾಗುವವರೆಗೆ ಊದಬೇಕು. ಆಮೇಲೆ ಔಷಧ ಕೊಟ್ಟು, 15–20 ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಔಷಧದಿಂದ ಉಸಿರಿನ ದಾರಿ ಚೆನ್ನಾಗಿ ತೆರೆದರೆ ಅಸ್ತಮಾ ಇರಬಹುದು. ಬಿಗಿತ ಹಾಗೇ ಉಳಿದರೆ ಸಿಒಪಿಡಿ ಕಡೆ ಅನುಮಾನ.

ಮೊಬೈಲ್ ಇಲ್ಲಿ ಕೆಲಸಕ್ಕೆ ಬರುತ್ತೆ

1. ದಮ್ಮು ಹತ್ತಿದಾಗ ಅರ್ಧ ನಿಮಿಷದ ವಿಡಿಯೋ ಮಾಡಿ. ಆಸ್ಪತ್ರೆಗೆ ಹೋದಾಗ ಉಸಿರು ಸರಿ ಇರಬಹುದು.
2. ಹಳೆಯ ಗುಳಿಗೆ, ಸೂಜಿ, ಚೀಟಿಗಳ ಫೋಟೋ ಇಟ್ಟುಕೊಳ್ಳಿ. ಸ್ಟಿರಾಯ್ಡ್ ಎಷ್ಟು ಸಲ ಹೋಗಿದೆ ಅಂತ ಡಾಕ್ಟರಿಗೆ ಗೊತ್ತಾಗಬೇಕು. ಬಹಳ ದಿನದಿಂದ ತಗೊಳ್ತಿದ್ದರೆ ಅದನ್ನು ನೀವಾಗಿ ದಿಢೀರ್ ನಿಲ್ಲಿಸಬೇಡಿ.
3. ಯಾವ ತಿಂಗಳು, ಯಾವ ಕೆಲಸದಲ್ಲಿ ಹೆಚ್ಚಾಗುತ್ತೆ ಬರೆದಿಡಿ: ರಾಶಿ, ಔಷಧ ಸಿಂಪಡಣೆ, ನಾರಾಯಣಪುರ ಎಡದಂಡೆ ಕಾಲುವೆ ಭಾಗದಲ್ಲಾದರೆ ಭತ್ತದ ಹುಲ್ಲು ಸುಡುವ ದಿನಗಳು.
4. ಆಧಾರ್, ರೇಷನ್ ಕಾರ್ಡ್, ತಾಲ್ಲೂಕು ಆಸ್ಪತ್ರೆಯ ಚೀಟಿ ಜೊತೆಗಿರಲಿ.
5. ಯಾದಗಿರಿಯ ಯಿಮ್ಸ್‌ಗೇ ಹೋಗಿ, ಕಲಬುರಗಿಯ ಜಿಮ್ಸ್‌ಗೇ ಹೋಗಿ, ತಜ್ಞರು ಯಾವ ವಾರ ಇರ್ತಾರೆ ಅಂತ ಮೊದಲೇ ವಿಚಾರಿಸಿ. ಸುರಪುರದಿಂದ ಒಂದು ದಿನದ ಕೂಲಿ ಬಿಟ್ಟು ಹೋಗಿ ಬರಿಗೈಲಿ ಬರೋದು ಬೇಡ.

ಪಂಪ್ ಚಟವಲ್ಲ

“ಪಂಪ್ ಹಿಡಿದ್ರ ಬಿಡೂದಿಲ್ಲಂತ” ಅಂತ ಅವ್ವ ಹಟ ಹಿಡಿದಿದ್ದಳು. ಇನ್ಹೇಲರ್ ಔಷಧ ನೇರ ಪುಪ್ಪುಸಕ್ಕೆ ಹೋಗುತ್ತೆ, ಅದಕ್ಕೇ ಪ್ರಮಾಣ ಕಡಿಮೆ ಸಾಕು ಅಂತ ನರ್ಸಮ್ಮ ತಿಳಿಸಿದರು. ಪಂಪ್ ಅಲುಗಾಡಿಸಿ, ಉಸಿರು ಬಿಟ್ಟು, ಒತ್ತಿ ನಿಧಾನ ಎಳೆದು, ಹತ್ತು ಎಣಿಸುವವರೆಗೆ ಹಿಡಿಯಬೇಕು. ಸ್ಪೇಸರ್ ಇದ್ದರೆ ಸುಲಭ. ಸ್ಟಿರಾಯ್ಡ್ ಪಂಪ್ ಆದರೆ ಬಾಯಿ ಮುಕ್ಕಳಿಸಿ. ಅವರು ತೋರಿಸಿದ್ದನ್ನು ನಾನು ವಿಡಿಯೋ ಮಾಡಿಕೊಂಡೆ.

ಮಾತಾಡಲು ಆಗದಷ್ಟು ಏದುಸಿರು, ತುಟಿ ನೀಲಿಯಾದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಸಿಒಪಿಡಿ ಪೂರ್ತಿ ಹೋಗುವ ಬ್ಯಾನಿ ಅಲ್ಲ. ಆದರೆ ಹತೋಟಿಯಲ್ಲಿರುತ್ತೆ, ತಪ್ಪದೆ ತೋರಿಸುತ್ತಿದ್ದರೆ ಮಾತ್ರ. ಈಗ ಗ್ಯಾಸ್ ಮೇಲೇ ರೊಟ್ಟಿ. ರಾಶಿ ದಿನ ಅವ್ವನನ್ನು ಕಣಕ್ಕೆ ಬಿಡಲ್ಲ, ಅದಕ್ಕೆ ಅವಳಿಗೆ ನನ್ನ ಮೇಲೆ ಸಿಟ್ಟು. ಆ ಸಿಟ್ಟಿನಲ್ಲಿ ಒಂದೇ ಉಸಿರಿಗೆ ಬೈತಾಳೆ. ಹೋದ ವರ್ಷ ಅಷ್ಟು ಉಸಿರಿರಲಿಲ್ಲ.

ನಿಮ್ಮ ಮನೆಯಲ್ಲೂ ಯಾರಿಗಾದರೂ ದಮ್ಮಿದ್ದರೆ ರಾಶಿ ಶುರುವಾಗುವ ಮುಂಚೆಯೇ ಕರೆದುಕೊಂಡು ಹೋಗಿ.