ಹುಚ್ಚು ಬಿಡಲು ಮದುವೆ ಮದ್ದಲ್ಲ

‘ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು’ ಎಂಬ ಗಾದೆಯನ್ನು ನಾವೆಲ್ಲ ನಗೆಯಾಡುತ್ತಲೇ ಬಳಸುತ್ತೇವೆ. ಆದರೆ ಎಷ್ಟೋ ಮನೆಗಳಲ್ಲಿ ಅದು ನಗೆಯ ಮಾತಲ್ಲ. ಚೆನ್ನಾಗಿ ಓದುತ್ತಿದ್ದ ಮಗ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ಮಾತನಾಡತೊಡಗುತ್ತಾನೆ. ಮಗಳು ಊಟದಲ್ಲಿ ಯಾರೋ ವಿಷ ಬೆರೆಸಿದ್ದಾರೆಂದು ತಟ್ಟೆ ತಳ್ಳುತ್ತಾಳೆ. ಬೆಂಗಳೂರಿನ ವಿಜಯನಗರದ ಬಳಿಯ ಹೊಸಹಳ್ಳಿಯಂತೆ ಹಳೆಯ ಊರನ್ನು ಹೊಸ ಬಡಾವಣೆಗಳು ಸುತ್ತುವರಿದಿರುವ ಕಡೆಯಾಗಲಿ, ದೂರದ ಮಲೆನಾಡಿನ ಹಳ್ಳಿಯಾಗಲಿ, ಮೊದಲು ಕೇಳಿಬರುವ ಮಾತುಗಳು ಒಂದೇ: ಗಾಳಿ ಸೋಕಿರಬೇಕು, ಯಾರೋ ಮಾಟ ಮಾಡಿಸಿರಬೇಕು, ಒಂದು ಮದುವೆ ಮಾಡಿದರೆ ಎಲ್ಲ ಸರಿಹೋದೀತು. ವೈದ್ಯರ ಸರದಿ ಬರುವಷ್ಟರಲ್ಲಿ ವರ್ಷಗಳೇ ಉರುಳಿರುತ್ತವೆ. ಈ ಕಾಯಿಲೆಯಲ್ಲಿ ಹೆಚ್ಚು ನಷ್ಟವಾಗುವುದು ಹೀಗೆ ಕಳೆದುಹೋದ ಕಾಲದಿಂದಲೇ.

ವೈದ್ಯರು ಸೈಕೋಸಿಸ್ ಎಂದೂ ಕನ್ನಡದಲ್ಲಿ ಚಿತ್ತವಿಕಲತೆ ಎಂದೂ ಕರೆಯುವ ಸ್ಥಿತಿಯಿದು. ಇಲ್ಲಿ ವಾಸ್ತವದೊಂದಿಗೆ ಮನಸ್ಸಿನ ಹಿಡಿತ ಸಡಿಲವಾಗುತ್ತದೆ. ಬೇರೆ ಯಾರಿಗೂ ಕೇಳದ ದನಿಗಳು ಕೇಳಿಸುತ್ತವೆ. ನೆರೆಯವರು ತನ್ನನ್ನೇ ಹೊಂಚುಹಾಕುತ್ತಿದ್ದಾರೆ, ರೇಡಿಯೋ, ಟಿ.ವಿ.ಗಳಲ್ಲಿ ತನ್ನ ವಿಷಯವೇ ಬರುತ್ತಿದೆ ಎಂಬಂಥ ಹುಸಿ ನಂಬಿಕೆಗಳು ಬೇರೂರುತ್ತವೆ. ಎಷ್ಟೇ ಪುರಾವೆ ಕೊಟ್ಟರೂ ಅವು ಅಲುಗುವುದಿಲ್ಲ. ಮಾತಿಗೆ ಮಾತು ಕೂಡಿಬರುವುದಿಲ್ಲ. ನೋಡುವವರಿಗೆ ಹುಸಿಯಾದದ್ದು ಅನುಭವಿಸುವವರಿಗೆ ಅಪ್ಪಟ ನಿಜ. ಹೀಗಾಗಿ ‘ಅದೆಲ್ಲ ನಿನ್ನ ಭ್ರಮೆ’ ಎಂದು ವಾದಿಸಿ ಗೆಲ್ಲಲಾಗದು.

ಜ್ವರ ಹೇಗೆ ಹಲವು ರೋಗಗಳ ಲಕ್ಷಣವೋ ಚಿತ್ತವಿಕಲತೆಯೂ ಹಾಗೆಯೇ. ಸ್ಕಿಜೋಫ್ರೀನಿಯಾದಲ್ಲಿ ಇದು ದೀರ್ಘಕಾಲ ಕಾಡುತ್ತದೆ. ಉನ್ಮಾದ ಅಥವಾ ತೀವ್ರ ಖಿನ್ನತೆಯಲ್ಲೂ, ಗಾಂಜಾ, ಮದ್ಯಗಳ ಪರಿಣಾಮವಾಗಿಯೂ, ಮಿದುಳಿನ ಸೋಂಕಿನಿಂದಲೂ, ಕೆಲವು ತಾಯಂದಿರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿಯೂ ಕಾಣಿಸಿಕೊಳ್ಳಬಹುದು. ಸ್ಕಿಜೋಫ್ರೀನಿಯಾ ಸಾಮಾನ್ಯವಾಗಿ ಹದಿಹರೆಯದ ಕೊನೆಯಿಂದ ಮೂವತ್ತರ ಆಸುಪಾಸಿನೊಳಗೆ ಆರಂಭವಾಗುತ್ತದೆ. ಓದು, ನೌಕರಿ, ಮದುವೆಯ ಮಾತು ನಡೆಯುವ ವಯಸ್ಸೂ ಇದೇ. ‘ಮದುವೆಯಾಗದೆ ಹೀಗಾಯಿತು’ ಎಂಬ ತಪ್ಪು ತರ್ಕ ಹುಟ್ಟಿರುವುದು ಬಹುಶಃ ಇಲ್ಲಿಂದಲೇ.

ಬೆಂಗಳೂರಿಗೆ ಈ ಕಾಯಿಲೆಯ ಚಿಕಿತ್ಸೆಯಲ್ಲಿ ದೊಡ್ಡ ಪರಂಪರೆಯೇ ಇದೆ. 1847ರಲ್ಲಿ ಇಲ್ಲಿ ಹುಚ್ಚರ ಆಶ್ರಯಾಲಯವೊಂದು ಆರಂಭವಾಯಿತು. 1925ರಲ್ಲಿ ಮೈಸೂರು ಸರ್ಕಾರ ಅದಕ್ಕೆ ಮಾನಸಿಕ ಆಸ್ಪತ್ರೆ ಎಂದು ಹೊಸ ಹೆಸರಿಟ್ಟಿತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಆಶ್ರಯಾಲಯದ ಕಾಲದಲ್ಲಿ ರೋಗಿಯನ್ನು ಸಮಾಜದಿಂದ ದೂರವಿಡುವುದೇ ಉಪಾಯವಾಗಿತ್ತು. 1952ರಲ್ಲಿ ಫ್ರಾನ್ಸಿನ ವೈದ್ಯರು ಕ್ಲೋರ್‌ಪ್ರೊಮಜಿನ್ ಎಂಬ ಔಷಧದಿಂದ ಭ್ರಮೆಗಳನ್ನು ತಗ್ಗಿಸಬಹುದೆಂದು ತೋರಿಸಿದ ನಂತರ ರೋಗಿಯನ್ನು ಮನೆಗೆ ಕಳುಹಿಸುವ ಹಾದಿ ತೆರೆಯಿತು. ಇಂದು ಬಳಕೆಯಲ್ಲಿರುವ ಔಷಧಗಳು ಮುಖ್ಯವಾಗಿ ಮಿದುಳಿನ ಡೋಪಮೈನ್ ಎಂಬ ರಾಸಾಯನಿಕದ ಕೆಲಸದ ಮೇಲೆ ಪರಿಣಾಮ ಬೀರುತ್ತವೆ.

ಆದರೆ ಔಷಧವಿದ್ದರೆ ಸಾಲದು, ಅದು ರೋಗಿಯನ್ನು ಮುಟ್ಟಬೇಕಷ್ಟೆ. ಈ ಮಾತಿಗೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕು ಒಳ್ಳೆಯ ನಿದರ್ಶನ. 2005ರಿಂದ ನಿಮ್ಹಾನ್ಸ್ ವೈದ್ಯರು ಅಲ್ಲಿ ಸ್ಥಳೀಯ ಆರೋಗ್ಯ ಕಾರ್ಯಕರ್ತರ ನೆರವಿನಿಂದ ಸ್ಕಿಜೋಫ್ರೀನಿಯಾ ಇರುವವರನ್ನು ಊರೂರಿನಲ್ಲಿ ಗುರುತಿಸಿ, ಹತ್ತಿರದಲ್ಲೇ ಚಿಕಿತ್ಸೆ ದೊರೆಯುವಂತೆ ಮಾಡಿ, ವರ್ಷಗಟ್ಟಲೆ ಗಮನಿಸಿದರು. ಚಿಕಿತ್ಸೆ ಪಡೆದವರ ದಿನನಿತ್ಯದ ಬದುಕು ಗಣನೀಯವಾಗಿ ಸುಧಾರಿಸಿತು. ಚಿಕಿತ್ಸೆಯಿಲ್ಲದೆ ಉಳಿದವರ ಸ್ಥಿತಿ ಹಾಗೆಯೇ ಉಳಿಯಿತು. ಮನೆಯವರ ಜೊತೆಯಲ್ಲೇ ಇದ್ದು, ಹತ್ತಿರದಲ್ಲೇ ಔಷಧ ಪಡೆದು ಚೇತರಿಸಿಕೊಳ್ಳಬಹುದೆಂಬುದು ಇದರಿಂದ ಸ್ಪಷ್ಟವಾಯಿತು. ಹಾಗಿದ್ದರೂ 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಚಿತ್ತವಿಕಲತೆಯಿಂದ ಬಳಲುವ ಪ್ರತಿ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆ ದೊರೆತಿರಲಿಲ್ಲ.

ಇನ್ನು ಮದುವೆಯ ಮಾತು. ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡಿದಾಗ ಏನಾಗುತ್ತದೆ? ಹೊಸ ಮನೆಯಲ್ಲಿ ಮಾತ್ರೆ ನುಂಗುವುದನ್ನು ಯಾರಾದರೂ ಕಂಡಾರೆಂಬ ಭಯದಿಂದ ಅದನ್ನು ನಿಲ್ಲಿಸಲಾಗುತ್ತದೆ. ನಿದ್ದೆಗೆಡುತ್ತದೆ, ಕಾಯಿಲೆ ಮರುಕಳಿಸುತ್ತದೆ. ಆಗ ಎರಡು ಕುಟುಂಬಗಳು ಒಂದನ್ನೊಂದು ದೂರುತ್ತವೆ, ರೋಗಿ ನಡುವೆ ಒಂಟಿಯಾಗುತ್ತಾರೆ. ಈ ಕಾಯಿಲೆ ಇರುವವರು ಮದುವೆಯೇ ಆಗಬಾರದೆಂದು ಇದರ ಅರ್ಥವಲ್ಲ. ಕಾಯಿಲೆ ಹತೋಟಿಗೆ ಬಂದ ಮೇಲೆ, ವಿಷಯವನ್ನು ತಿಳಿಸಿ, ಎರಡೂ ಕಡೆಯವರು ಒಪ್ಪಿ ಮಾಡಿದ ಮದುವೆಗಳು ಚೆನ್ನಾಗಿ ನಡೆಯಬಲ್ಲವು. ಮದುವೆಯನ್ನು ಚಿಕಿತ್ಸೆಯೆಂದು ಭಾವಿಸುವುದೇ ತಪ್ಪು.

ಔಷಧಗಳಿಂದ ಮಂಪರು, ಕೈಕಾಲುಗಳ ಬಿಗಿತ, ನಡುಕ, ತೂಕ ಹೆಚ್ಚುವುದು ಮೊದಲಾದ ತೊಂದರೆಗಳು ಕಾಣಿಸಬಹುದು. ಅವನ್ನು ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನೋ ಔಷಧವನ್ನೋ ಬದಲಿಸುತ್ತಾರೆ. ತಾವಾಗಿಯೇ ನಿಲ್ಲಿಸುವುದು ಅಪಾಯ. ಈ ಕಾಯಿಲೆಯುಳ್ಳವರೆಲ್ಲ ಮೇಲೆ ಬೀಳುತ್ತಾರೆಂಬ ಭಯವೂ ಸಲ್ಲದು. ಬಹುಪಾಲು ಮಂದಿ ಯಾರಿಗೂ ಕೇಡು ಮಾಡುವವರಲ್ಲ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ನಿಷೇಧಿಸಿದೆ.

ಮನೆಯಲ್ಲಿ ಯಾರಾದರೂ ನಿದ್ದೆಯಿಲ್ಲದೆ, ಕಾರಣವಿಲ್ಲದ ಅನುಮಾನದಲ್ಲಿ, ಜನರಿಂದ ದೂರವಾಗುತ್ತ ಹೋದರೆ ವಾರಗಟ್ಟಲೆ ಕಾಯಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ದೇವರಿಗೆ ಹರಕೆ ಹೊತ್ತವರು ಅದನ್ನು ತೀರಿಸಲಿ, ಬೇಡವೆನ್ನುವವರಿಲ್ಲ. ಆದರೆ ವೈದ್ಯರ ಬಳಿಗೆ ಹೋಗುವುದನ್ನು ಅದಕ್ಕಾಗಿ ಮುಂದೂಡದಿರಲಿ.