ಐದು ಡಾಲರಿಗೆ ಹೋಗಿ ಮರಳಿ ಬಂದ ಮನೆ

ವಾಷಿಂಗ್ಟನ್ನಿನಲ್ಲಿ ಕೊರಿಯಾದವರ ಹಳೇ ಮನೆಯೊಂದಿದೆ ಎಂದು ಕೇಳಿದವರು ಬಾಗಿದ ಹೆಂಚಿನ ಮಾಡು, ಕಾಗದ ಅಂಟಿಸಿದ ಬಾಗಿಲು, ಕೆಳಗಿನಿಂದ ಕಾಯಿಸಿದ ಬೆಚ್ಚನೆ ನೆಲ ಇರುತ್ತದೆಂದು ಎಣಿಸಿ ಹೋಗುತ್ತಾರೆ. ಅಂಥ ‘ಹಾನೋಕ್’ ಮನೆಗಳಿಗೆ ಕೊರಿಯಾದ ಜೊಂಜು, ಹಾಹ್ವೆಯಂಥ ಊರುಗಳಿಗೇ ಹೋಗಬೇಕು. ಅಲ್ಲಿ ರಾತ್ರಿ ತಂಗಲೂಬಹುದು. ವಾಷಿಂಗ್ಟನ್ನಿನ ಲೋಗನ್ ಸರ್ಕಲ್ಲಿನ ಮೂಲೆಯಲ್ಲಿರುವುದು 1877ರಲ್ಲಿ ಕಟ್ಟಿದ ಮೂರಂತಸ್ತಿನ ಇಟ್ಟಿಗೆ ಮನೆ. ಅಕ್ಕಪಕ್ಕದ ವಿಕ್ಟೋರಿಯನ್ ಮನೆಗಳ ಸಾಲಿನಲ್ಲಿ ಅದನ್ನು ಬೇರೆ ಮಾಡಿ ತೋರಿಸುವುದು ಕೊರಿಯಾದ ಬಾವುಟವೇ.

ನೌಕಾಪಡೆಯ ಅಧಿಕಾರಿಯಾಗಿದ್ದ ಸೇತ್ ಲೆಡ್ಯಾರ್ಡ್ ಫೆಲ್ಪ್ಸ್ ಕಟ್ಟಿಸಿದ ಈ ಮನೆಗೆ 1889ರ ಫೆಬ್ರುವರಿಯಲ್ಲಿ ಕೊರಿಯಾದ ಜೋಸನ್ ರಾಜ್ಯದ ರಾಯಭಾರ ಕಚೇರಿ ಬಂತು. 1891ರಲ್ಲಿ ದೊರೆ ಗೋಜೊಂಗ್ 25,000 ಡಾಲರ್ ಕೊಟ್ಟು ಮನೆಯನ್ನೇ ಕೊಂಡ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಬಡವಾಗಿದ್ದ ಬೊಕ್ಕಸಕ್ಕಂತೂ ಇನ್ನೂ ದೊಡ್ಡದು. ಆದರೂ ಕೊಂಡದ್ದಕ್ಕೆ ಕಾರಣವಿತ್ತು. ಕೊರಿಯಾ ತನ್ನ ಅಧೀನ ರಾಜ್ಯವೆಂದೇ ಹೇಳುತ್ತಿದ್ದ ಚೀನಾ, ಕೊರಿಯಾದ ರಾಯಭಾರಿ ಮೊದಲು ಚೀನೀ ರಾಯಭಾರಿಯನ್ನು ಕಂಡು, ಅವನ ಹಿಂದೆಯೇ ಅಮೆರಿಕ ಸರ್ಕಾರದ ಮುಂದೆ ಹೋಗಬೇಕೆಂದು ಕರಾರು ಹಾಕಿತ್ತು. ಮೊದಲ ರಾಯಭಾರಿ ಪಾಕ್ ಜೊಂಗ್-ಯಾಂಗ್ ಅದಕ್ಕೆ ಸೊಪ್ಪು ಹಾಕಲಿಲ್ಲ. 1888ರ ಜನವರಿ 17ರಂದು ನೇರವಾಗಿ ಅಧ್ಯಕ್ಷ ಕ್ಲೀವ್‌ಲೆಂಡ್ ಎದುರು ನಿಂತು ರಾಜಪತ್ರ ಒಪ್ಪಿಸಿದರು. ಚೀನಾದ ಒತ್ತಡ ಹೆಚ್ಚಿ, ವರ್ಷ ಕಳೆಯುವುದರೊಳಗೆ ಊರಿಗೆ ಮರಳಬೇಕಾಯಿತು. ಪರರಾಜ್ಯದಲ್ಲಿ ಸ್ವಂತ ರಾಯಭಾರಿಯನ್ನು ಇಡುವ ಹಕ್ಕು ಅದೇ ಕಾಲದ ನಮ್ಮ ಮೈಸೂರು ಸಂಸ್ಥಾನಕ್ಕೆ ಇರಲಿಲ್ಲ; ಬ್ರಿಟಿಷ್ ರೆಸಿಡೆಂಟನೇ ಸಂಸ್ಥಾನದೊಳಗೆ ಬಂದು ಕೂತಿದ್ದ. ಗೋಜೊಂಗ್ ಕೊಂಡದ್ದು ಬರೀ ಮನೆಯಲ್ಲ ಎಂಬುದು ಈ ಹೋಲಿಕೆಯಿಂದ ನಮಗೆ ಬೇಗ ತಿಳಿಯುತ್ತದೆ.

ಒಳಗೆ ಹೋದರೆ ಭಾರವಾದ ಪರದೆ, ಹೂಬಳ್ಳಿಯ ಗೋಡೆಕಾಗದ, ಕೆತ್ತನೆಯ ಕುರ್ಚಿಗಳ ದಿವಾನಖಾನೆ. ಎಲ್ಲವೂ ಆ ಕಾಲದ ಅಮೆರಿಕನ್ ಸಿರಿವಂತರ ಮನೆಯಲ್ಲಿದ್ದಂತೆಯೇ. ಅದರ ನಡುವೆ ಬಾವುಟದ ಕೆಂಪು–ನೀಲಿ ಸುಳಿ ಇರುವ ಒಂದು ದಿಂಬು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅದೇ ಅಂತಸ್ತಿನ ಇನ್ನೊಂದು ಕೋಣೆ. ಅಲ್ಲಿ ದೊರೆಯ ಮತ್ತು ಯುವರಾಜನ ಭಾವಚಿತ್ರಗಳು. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ರಾಯಭಾರಿಗಳು ಆಸ್ಥಾನದ ಪೋಷಾಕು ತೊಟ್ಟು ಇಲ್ಲಿ ನೆಲ ಮುಟ್ಟಿ ನಮಸ್ಕರಿಸುತ್ತಿದ್ದರು. ಹಳೇ ಮೈಸೂರಿನ ಪಡಸಾಲೆಗಳಲ್ಲಿ ದೇವರ ಪಟಗಳ ಸಾಲಿನಲ್ಲೇ ನಾಲ್ವಡಿಯವರ ಪಟ ತೂಗುತ್ತಿದ್ದುದನ್ನು ಕಂಡವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಹೊರಗೆ ಕುದುರೆ ಸಾರೋಟುಗಳು ಓಡಾಡುತ್ತಿದ್ದ ಬೀದಿ. ಒಳಗೆ ಸಾವಿರಾರು ಮೈಲಿ ದೂರದ ಅರಮನೆಗೆ ಅಡ್ಡಬೀಳುವ ಜನ.

ಹಾಗೆ ಅಡ್ಡಬಿದ್ದವರ ಕಾಲದಲ್ಲಿ ಇಲ್ಲಿದ್ದವರಲ್ಲಿ ಯಿ ವಾನ್-ಯೊಂಗ್ ಒಬ್ಬ. ಮೊದಲ ದಿನಗಳಲ್ಲಿ ರಾಯಭಾರಿಯ ಬದಲಿಗೆ ಕಚೇರಿ ನೋಡಿಕೊಂಡವನು ಅವನು. 1905ರಲ್ಲಿ ಕೊರಿಯಾದ ವಿದೇಶ ವ್ಯವಹಾರವನ್ನು ಜಪಾನಿನ ಕೈಗೊಪ್ಪಿಸಿದ ಒಪ್ಪಂದಕ್ಕೆ ಸಮ್ಮತಿಸಿದ ಸಚಿವರಲ್ಲಿ ಅವನಿದ್ದ. 1910ರಲ್ಲಿ ದೇಶವನ್ನೇ ಜಪಾನಿಗೆ ಸೇರಿಸಿದ ಒಪ್ಪಂದಕ್ಕೆ ಪ್ರಧಾನಮಂತ್ರಿಯಾಗಿ ರುಜು ಹಾಕಿದವನೂ ಅವನೇ. ಕೊರಿಯಾದಲ್ಲಿ ಇಂದಿಗೂ ಅವನ ಹೆಸರು ದ್ರೋಹಕ್ಕೆ ಪರ್ಯಾಯ.

ಮೊದಲ ಒಪ್ಪಂದದೊಂದಿಗೆ ಕಚೇರಿಗೆ ಬೀಗ ಬಿತ್ತು. ಎರಡನೆಯದರ ಹೊತ್ತಿಗೆ ಮನೆಯೇ ಹೋಯಿತು. ಕ್ರಯಪತ್ರದಲ್ಲಿ ಬರೆದ ಬೆಲೆ ಐದು ಡಾಲರ್. ಕೊಂಡದ್ದು ಅಮೆರಿಕದಲ್ಲಿದ್ದ ಜಪಾನಿ ರಾಯಭಾರಿ. ಅದನ್ನೇ ಒಬ್ಬ ಅಮೆರಿಕನ್ನನಿಗೆ ಹತ್ತು ಡಾಲರಿಗೆ ದಾಟಿಸಿದ.

ಆಮೇಲಿನ ನೂರು ವರ್ಷದ ಕತೆಯನ್ನು ಚಿಕ್ಕದಾಗಿಯೇ ಹೇಳಬಹುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಕಪ್ಪು ಸೈನಿಕರ ವಿರಾಮಮಂದಿರ, ನಂತರ ಲಾರಿ ಚಾಲಕರ ಕಾರ್ಮಿಕ ಸಂಘದ ಕಚೇರಿ, 1977ರಿಂದ ಆಫ್ರಿಕನ್-ಅಮೆರಿಕನ್ ದಂಪತಿಯ ವಾಸದ ಮನೆ. ಇವರಾರೂ ಮನೆಯನ್ನು ಕೆಡವಲಿಲ್ಲ ಎನ್ನುವುದೇ ದೊಡ್ಡ ಉಪಕಾರ. ಇಲ್ಲಿನ ಕೊರಿಯನ್ ಕುಟುಂಬಗಳು ಬಹುಕಾಲ ಚಂದಾ ಎತ್ತುತ್ತಾ, ಒತ್ತಾಯಿಸುತ್ತಾ ಬಂದವು. ಕೊನೆಗೆ 2012ರಲ್ಲಿ ಕೊರಿಯಾದ ಪರಂಪರೆ ಇಲಾಖೆ 35 ಲಕ್ಷ ಡಾಲರ್ ಕೊಟ್ಟು ಮನೆಯನ್ನು ಮರಳಿ ಕೊಂಡಿತು. ಐದು ಡಾಲರಿನ ಪಕ್ಕದಲ್ಲಿ ಈ ಅಂಕಿಯನ್ನಿಟ್ಟು ನೋಡದ ಸಂದರ್ಶಕರಿಲ್ಲ.

ದುರಸ್ತಿಗೆ ಆಧಾರವಾದದ್ದು 1893ರ ಸುಮಾರಿಗೆ ಒಳಾಂಗಣದಲ್ಲಿ ತೆಗೆದ ಕೆಲವೇ ಕಪ್ಪು-ಬಿಳುಪು ಛಾಯಾಚಿತ್ರಗಳು. ಗೋಡೆಕಾಗದದ ಬಳ್ಳಿ, ದೀಪದ ಗಾಜು, ದಿಂಬಿನ ಸುಳಿ ಎಲ್ಲವನ್ನೂ ಆ ಚಿತ್ರಗಳಿಂದಲೇ ಹೆಕ್ಕಿದರು. 2018ರ ಮೇ 22ರಂದು, ಅಂದರೆ 1882ರಲ್ಲಿ ಕೊರಿಯಾ ಮತ್ತು ಅಮೆರಿಕ ಸ್ನೇಹ ಒಪ್ಪಂದ ಮಾಡಿಕೊಂಡ ತಾರೀಕಿನಂದೇ, ಮನೆ ಮ್ಯೂಸಿಯಂ ಆಗಿ ಬಾಗಿಲು ತೆರೆಯಿತು. ಪ್ರವೇಶಕ್ಕೆ ಕಾಸಿಲ್ಲ, ಸೋಮವಾರ ರಜೆ. ಹಿತ್ತಿಲಲ್ಲಿ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಪುಟ್ಟ ಕೊರಿಯನ್ ತೋಟವಿದೆ. ಬಾಗಿದ ಹೆಂಚಿನ ಮಾಡನ್ನೇ ನೋಡಬೇಕೆನ್ನುವವರು ವರ್ಜೀನಿಯಾದ ವಿಯೆನ್ನಾ ಊರಿನ ಮೆಡೋಲಾರ್ಕ್ ಉದ್ಯಾನಕ್ಕೆ ಹೋಗಿ ಅಲ್ಲಿನ ಕೊರಿಯನ್ ಗಂಟೆಮಂಟಪ ನೋಡಿ ಬರಬಹುದು.

ಇದೇ ಸೀಮೆಯಲ್ಲಿ ‘ಕಾವೇರಿ’ ಕನ್ನಡ ಸಂಘದ ಹಬ್ಬಗಳಿಗೆ ಸೇರುವ ನಮ್ಮವರೂ ಬಹಳ. ಮಕ್ಕಳನ್ನು ಶ್ವೇತಭವನ, ಸ್ಮಾರಕಗಳಿಗೆ ಕರೆದೊಯ್ಯುವವರು ಅರ್ಧ ಗಂಟೆ ಇಲ್ಲಿಗೂ ಮೀಸಲಿಡಲಿ ಎನ್ನುವುದು ನನ್ನ ಆಸೆ. ಹಳೇ ಮನೆ ಉಳಿಸುವುದು ನಮಗೂ ಗೊತ್ತಿಲ್ಲದ್ದೇನಲ್ಲ. ಮೈಸೂರಿನ ಯಾದವಗಿರಿಯ ಆರ್.ಕೆ. ನಾರಾಯಣರ ಮನೆಯನ್ನು 2011ರಲ್ಲಿ ಕೆಡವಲು ಹೊರಟಾಗ ಗದ್ದಲವೆದ್ದು, ನಗರಪಾಲಿಕೆ ಕೊಂಡು, 2016ರಲ್ಲಿ ಅದು ಮ್ಯೂಸಿಯಂ ಆಯಿತು. ಆದರೆ ಹೆಸರಾಂತರಲ್ಲದವರ ತೊಟ್ಟಿಮನೆಗಳಿಗೆ ಗದ್ದಲ ಎಬ್ಬಿಸುವವರು ಯಾರು? ಮಲೆನಾಡಿನಲ್ಲಿ ಕಂಬ, ಬಾಗಿಲುವಾಡಗಳು ಬಿಡಿಬಿಡಿಯಾಗಿ ಲಾರಿ ಹತ್ತಿ ಹೋಗುತ್ತಿವೆ. ನಾಳೆ ಯಾರಾದರೂ ಮೊಮ್ಮಗಳು ಹಣ ಹೊಂದಿಸಿ ಮತ್ತೆ ಹಾಗೇ ಕಟ್ಟುತ್ತೇನೆಂದರೆ ಅವಳಿಗೆ ತೋರಿಸಲು ಏನಿದೆ? ನಮ್ಮ ಆಲ್ಬಂಗಳಲ್ಲಿ ಮದುವೆಗೆ ಬಂದ ನೆಂಟರೆಲ್ಲ ಇದ್ದಾರೆ. ಮನೆ ಮಾತ್ರ ಅವರ ಹೆಗಲ ಸಂದಿಯಲ್ಲಿ ಇಣುಕುವಷ್ಟೇ ಇದೆ. ಕೆಡವುವುದು ಹೇಗೂ ತಪ್ಪದೆನ್ನುವವರು, ಕೆಡವುವ ಮುನ್ನ ಒಂದೊಂದು ಕೋಣೆಯದೂ ಒಂದೊಂದು ಚಿತ್ರ ತೆಗೆದಿಟ್ಟರೆ ಅಷ್ಟಾದರೂ ಉಳಿದೀತು.